“ಸೀಲ್ ಒಡೆದರೆ ವಾಪಸ್ಸಿಲ್ಲ” ಎನ್ನುವವರ ಬಳಿ ತುರ್ತು ಕಿಟ್ ಕೊಳ್ಳಬೇಡಿ

ದಾವಣಗೆರೆಯಲ್ಲಿ ‘ಆಫೀಸ್ ಬ್ಯಾಗ್ ಎಮರ್ಜೆನ್ಸಿ ಕಿಟ್’ ಎಂಬ ಹೆಸರಿನ ಕೆಂಪು ಜಿಪ್ ಚೀಲವನ್ನು ₹1,899 ಕೊಟ್ಟು ಯಾರಾದರೂ ಕೊಂಡಿದ್ದರೆ, ದಯವಿಟ್ಟು ಇವತ್ತೇ ಅದರ ಪ್ಲಾಸ್ಟಿಕ್ ಹೊದಿಕೆಯನ್ನು ಹರಿದು ಒಳಗಿರುವುದನ್ನೆಲ್ಲ ಹೊರಗೆ ತೆಗೆದು ನೋಡಿ. ಇನ್ನೂ ಕೊಂಡಿಲ್ಲದವರು ಕೊಳ್ಳಬೇಡಿ. ಪವರ್ ಬ್ಯಾಂಕ್, ಟಾರ್ಚ್, ಸೀಟಿ, ಬಸ್ಸಿನ ಗಾಜು ಒಡೆಯುವ ಪುಟ್ಟ ಸುತ್ತಿಗೆ, ಪ್ರಥಮ ಚಿಕಿತ್ಸೆಯ ಸಾಮಾನು (ಗಾಯಕ್ಕೆ ಕಟ್ಟುವ ಗಾಜ್‌ಬಟ್ಟೆ ಇತ್ಯಾದಿ), ಓಆರ್‌ಎಸ್ ಪೊಟ್ಟಣ ಎಂದು ಚೀಲದ ಮೇಲೆ ಚೆಂದವಾಗಿ ಅಚ್ಚಾಗಿದೆ. ಅದರಲ್ಲಿ ನಂಬಬಹುದಾದದ್ದು ಜಿಪ್ ಒಂದೇ.

ನಾನು ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿಬರುವವಳು. ಇದೇ 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ, ಹಿರಿಯೂರಿನ ಬಳಿ, 2020ರ ಆಗಸ್ಟ್‌ನಲ್ಲಿ ಖಾಸಗಿ ಬಸ್ಸೊಂದು ಹೊತ್ತಿ ಉರಿದು ಐವರು ಸತ್ತ ಸುದ್ದಿಯನ್ನು ಓದಿದ ಮೇಲೆ, ಗಾಜು ಒಡೆಯುವ ಸುತ್ತಿಗೆಯೊಂದು ಕೈಚೀಲದಲ್ಲಿ ಇರಲಿ ಎಂದು ನಮ್ಮಂಥ ನಿತ್ಯಪ್ರಯಾಣಿಕರಿಗೆ ಅನ್ನಿಸುವುದು ಸಹಜ. ಅಂಗಡಿಯವರೂ ಮಾತಿಗೆ ತೊಡಗಿದ್ದು ಆ ಸುದ್ದಿಯಿಂದಲೇ ಎಂಬುದನ್ನು ಈಗ ನೆನೆದರೆ ಮೈ ಉರಿಯುತ್ತದೆ. ಒಮ್ಮೆ ತೆರೆದು ತೋರಿಸಿ ಎಂದು ಕೇಳಿದಾಗ, “ಸೀಲ್ ಹಾಗೇ ಇರ್ಲಿ ಮೇಡಂ, ಗಾಜ್‌ಬಟ್ಟೆಗೆ ಗಾಳಿ ತಾಗಿದ್ರೆ ಕೆಡುತ್ತೆ, ವಾರಂಟಿನೂ ಹೋಗುತ್ತೆ” ಎಂದರು. ಕೇಳುವುದಕ್ಕೆ ಎಷ್ಟು ಜವಾಬ್ದಾರಿಯ ಮಾತು!

ಒಂದು ರಾತ್ರಿ ನಮ್ಮ ಬಸ್ಸು ಭರಮಸಾಗರ ದಾಟಿದ ಮೇಲೆ ಕೆಟ್ಟು ನಿಂತಿತು. ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲವಾದ್ದರಿಂದ ಕಿಟ್ ತೆರೆದೆ. ಟಾರ್ಚಿನ ಬೆಳಕು ನನ್ನ ಕಾಲಿನವರೆಗೂ ಸರಿಯಾಗಿ ತಲುಪಲಿಲ್ಲ. 20,000 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬುದರ ಅಳತೆ) ಎಂದು ಬರೆದಿದ್ದ, ಮನೆಯಲ್ಲಿ ಹೊದಿಕೆಯ ರಂಧ್ರದಿಂದಲೇ ಪೂರ್ತಿ ಚಾರ್ಜ್ ಮಾಡಿಟ್ಟಿದ್ದ ಪವರ್ ಬ್ಯಾಂಕು ಫೋನನ್ನು ಅರ್ಧಕ್ಕೂ ತರಲಾರದೆ ಆರಿಹೋಯಿತು. ಮರುದಿನ ಮೊಬೈಲ್ ರಿಪೇರಿ ಮಾಡುವವರ ಬಳಿ ಅದನ್ನು ಬಿಚ್ಚಿಸಿದಾಗ (ಲಿಥಿಯಂ ಸೆಲ್ಲುಗಳನ್ನು ನೀವೇ ಬಿಚ್ಚಬೇಡಿ, ಬೆಂಕಿ ಹೊತ್ತಿಕೊಳ್ಳಬಹುದು) ಒಳಗೆ ಇದ್ದದ್ದು ‘18650’ ಎಂಬ ಗಾತ್ರದ ಎರಡು ಸೆಲ್ಲು ಮತ್ತು ತೂಕ ತೋರಿಸಲು ತುಂಬಿದ ಮರಳು. ಹೌದು, ಮರಳು. ಆ ಗಾತ್ರದ ಒಳ್ಳೆಯ ಸೆಲ್ಲಿನಲ್ಲಿಯೂ ಸುಮಾರು 3,500 ಎಂಎಎಚ್‌ಗಿಂತ ಹೆಚ್ಚು ಹಿಡಿಯುವುದಿಲ್ಲ ಎಂದಾದರೆ 20,000ಕ್ಕೆ ಕನಿಷ್ಠ ಆರು ಬೇಕು. ಇವರು ಎರಡು ಕೊಟ್ಟು ಉಳಿದುದಕ್ಕೆ ಮರಳು ಕೊಟ್ಟಿದ್ದಾರೆ.

ಆಮೇಲೆ ಒಂದೊಂದನ್ನೇ ಪರೀಕ್ಷಿಸುತ್ತ ಹೋದೆ. ಸುತ್ತಿಗೆಯ ‘ಉಕ್ಕಿನ’ ಮೊನೆಯನ್ನು ಉಗುರಿನಿಂದ ಕೆರೆದರೆ ಬೆಳ್ಳಿಬಣ್ಣ ಎದ್ದು ಬಿಳಿಯ ಪ್ಲಾಸ್ಟಿಕ್ ಕಂಡಿತು. ಬಸ್ಸಿನ ಪಕ್ಕದ ಕಿಟಕಿಯ ಗಾಜನ್ನು ಮೂಲೆಯಲ್ಲಿ ಹೊಡೆದು ಒಡೆಯಬೇಕಾದರೆ ಗಟ್ಟಿ ಉಕ್ಕಿನ ಚೂಪು ಮೊನೆ ಬೇಕೇ ಬೇಕು. ಹೊಗೆ ತುಂಬಿದ ಬಸ್ಸಿನಲ್ಲಿ ಈ ಆಟಿಕೆಯನ್ನು ಹಿಡಿದು ನಿಂತವರ ಗತಿ ಏನಾಗುತ್ತಿತ್ತು? ಗಾಜ್‌ಬಟ್ಟೆಯ ಪೊಟ್ಟಣದ ಮೇಲಿನ ಅವಧಿಯ ಚೀಟಿಯನ್ನು ಎಬ್ಬಿಸಿದರೆ ಅದರಡಿಯಲ್ಲಿ ಅವಧಿ ಮುಗಿದ ಹಳೆಯ ದಿನಾಂಕವಿತ್ತು. ಓಆರ್‌ಎಸ್ ಎಂದು ಅಚ್ಚಾಗಿದ್ದ ಪೊಟ್ಟಣದಲ್ಲಿದ್ದದ್ದು ಕಿತ್ತಳೆ ರುಚಿಯ ಸಕ್ಕರೆ ಪುಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್ ಮತ್ತು 2.9 ಗ್ರಾಂ ಸಿಟ್ರೇಟ್ ಇರುತ್ತವೆ, ಮತ್ತು ಅದು ಯಾವ ಔಷಧದ ಅಂಗಡಿಯಲ್ಲಿಯೂ ಸಿಗುತ್ತದೆ. ನಮ್ಮ ಕಡೆಯ ಏಪ್ರಿಲ್ ಬಿಸಿಲಿನಲ್ಲಿ ಸುಸ್ತಾಗಿ ಬಿದ್ದವರಿಗೆ ಇವರ ಸಕ್ಕರೆ ಪುಡಿಯನ್ನು ಕಲಸಿ ಕುಡಿಸಬೇಕಿತ್ತೇ?

ಇಷ್ಟನ್ನೂ ಫೋಟೋ ತೆಗೆದು ಅಂಗಡಿಯವರಿಗೆ ಕಳುಹಿಸಿದೆ. ಬಂದ ಉತ್ತರ ಹೀಗಿತ್ತು: “ಮೇಡಂ, ಸೀಲ್ ಒಡೆದಿದೆ. ಎಮರ್ಜೆನ್ಸಿ ಕಿಟ್ ಅಂದ್ರೆ ಎಮರ್ಜೆನ್ಸಿಲಿ ಮಾತ್ರ ಓಪನ್ ಮಾಡೋದು.” ಬಸ್ಸು ಕೆಟ್ಟು ರಾತ್ರಿ ಹೆದ್ದಾರಿಯಲ್ಲಿ ನಿಂತಾಗಲೇ ತೆರೆದದ್ದು ಎಂದು ಬರೆದೆ. “ಬಸ್ ಕೆಡೋದು ಎಮರ್ಜೆನ್ಸಿ ಅಲ್ಲ ಮೇಡಂ.” ಆ ಸಾಲನ್ನು ನಾನು ಎಷ್ಟು ಸಲ ಓದಿದೆನೋ. ತೆರೆಯದಿದ್ದರೆ ಮೋಸ ಗೊತ್ತಾಗುವುದಿಲ್ಲ, ತೆರೆದರೆ ವಾಪಸ್ಸಿಲ್ಲ, ನಿಜವಾದ ಅಪಾಯದಲ್ಲಿ ತೆರೆದವರು ದೂರು ಕೊಡಲು ಉಳಿಯುತ್ತಾರೋ ಇಲ್ಲವೋ: ಇಡೀ ವ್ಯಾಪಾರ ನಿಂತಿರುವುದೇ ಇದರ ಮೇಲೆ. ಬಿಲ್ಲಿನ ಮಾತೆತ್ತಿದರೆ, “ನಿಮಗೆ ಕೊಟ್ಟಿದ್ದು ಎಸ್ಟಿಮೇಟ್, ಬಿಲ್ ಅಲ್ಲ” ಎಂದರು. ನನ್ನ ಮಾತು ಕೇಳಿ ಇದೇ ಕಿಟ್ ಕೊಂಡ ಸಹೋದ್ಯೋಗಿಗಳು ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮ ಚೀಲಗಳನ್ನು ಮೇಜಿನ ಮೇಲಿಟ್ಟು ಒಬ್ಬೊಬ್ಬರಾಗಿ ಬಿಚ್ಚಿದಾಗ ನನಗೆ ತಲೆ ಎತ್ತಲಾಗಲಿಲ್ಲ. ಅವರು ಏನೂ ಅನ್ನಲಿಲ್ಲ, ಅದು ಇನ್ನೂ ಕಷ್ಟವಾಯಿತು.

ಕಾನೂನು ಇವರ ಪರವಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷವಿರುವ ಸಾಮಾನನ್ನು, ಬಿಲ್ಲಿನಲ್ಲಿ ಬೇರೆ ಅವಧಿ ಹೇಳಿರದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಹಾಗೆಯೇ. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದ್ದೇನೆ, ಯುಪಿಐ ಪಾವತಿಯ ದಾಖಲೆ ನನ್ನ ಬಳಿ ಇದೆ.

ಸಿದ್ಧ ಕಿಟ್ ಬೇಡ, ಬೇಕಾದುದನ್ನು ಬಿಡಿಬಿಡಿಯಾಗಿ ಕೊಳ್ಳಿ. ಪವರ್ ಬ್ಯಾಂಕಿನ ಮೇಲೆ ಭಾರತೀಯ ಮಾನಕ ಬ್ಯೂರೋದ, ಅಂದರೆ ಬಿಐಎಸ್‌ನ ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿ, ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಅಂಗಡಿಯಲ್ಲಿಯೇ ಪರಿಶೀಲಿಸಿ. ನನ್ನದರ ಮೇಲೆ ಸಂಖ್ಯೆಯೂ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ. ಟಾರ್ಚ್ ಹಚ್ಚಿಸಿ ನೋಡಿ, ಸೀಟಿ ಊದಿಸಿ ಕೇಳಿ. ಅಂಗಡಿಯವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ದೂರು ಕೊಟ್ಟ ಮೇಲೆ ಧಾಟಿ ಬದಲಾಗಿದೆ. ‘ಮೇಡಂ’ ಹೋಗಿ ‘ಅಕ್ಕ’ ಬಂದಿದೆ. “ಅಕ್ಕ, ₹500 ವಾಪಸ್ ಹಾಕ್ತೀನಿ, ಗ್ರೂಪಲ್ಲಿ ಹಾಕಿರೋ ಫೋಟೋ ತೆಗೀರಿ” ಎಂದು ನಿನ್ನೆ ಬರೆದಿದ್ದಾರೆ. ನಾನು ತೆಗೆದಿಲ್ಲ, ತೆಗೆಯುವುದೂ ಇಲ್ಲ. ಇದೇ ಚೀಲವನ್ನು ಕೊಂಡವರು ಎಸ್ಟಿಮೇಟ್ ಚೀಟಿ, ಪಾವತಿಯ ದಾಖಲೆ ಮತ್ತು ಹರಿದ ಹೊದಿಕೆ ಮೂರನ್ನೂ ಎಸೆಯದೆ ಇಟ್ಟುಕೊಳ್ಳಿ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುವುದಾದರೆ ₹5 ಲಕ್ಷದವರೆಗಿನ ಪ್ರಕರಣಕ್ಕೆ ಶುಲ್ಕವಿಲ್ಲ, ಒಟ್ಟಿಗೆ ಹೋಗೋಣ.