ಮಳೆಯಲ್ಲಿ ಪೋರ್ಷೆ ಓಡಿಸಿ ಬಂದೆ: ಒಂದು ದಿನದ ಟ್ರ್ಯಾಕ್ ತರಬೇತಿ ಹೇಗಿತ್ತು

ಬ್ರೇಕ್ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಆಗ ಹೆದರಿ ಕಾಲು ತೆಗೆಯಬಾರದು, ಇನ್ನೂ ಒತ್ತಬೇಕು. 21 ವರ್ಷದಿಂದ ಕಾರು ಓಡಿಸುತ್ತಿರುವ ನನಗೆ ಇದು ಗೊತ್ತಾಗಿದ್ದು ಕಳೆದ ನವೆಂಬರಿನಲ್ಲಿ, ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ, ಸುರಿಯೋ ಮಳೆಯಲ್ಲಿ.

ನಾನು ತೀರ್ಥಹಳ್ಳಿಯವಳು. ಮೆಡಿಕಲ್ ಶಾಪ್ ಇದೆ. ತಿಂಗಳಿಗೆ ಮೂರು ನಾಲ್ಕು ಸಲ ಉಡುಪಿಗೆ ಹೋಗಿ ಬರುತ್ತೇನೆ. ಅಷ್ಟೂ ಸಲ ಆಗುಂಬೆ ಘಾಟಿ, 14 ತಿರುವು. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಬೀಳುವ ಜಾಗ ಅದು. ಹಾಗಾಗಿ ಮಳೆಯಲ್ಲಿ ಗಾಡಿ ಓಡಿಸೋದನ್ನು ನಮಗೆ ಯಾರೂ ಕಲಿಸಬೇಕಿಲ್ಲ ಅಂತಲೇ ನಂಬಿದ್ದೆ. ಅದಕ್ಕೂ ಹಿಂದಿನ ವರ್ಷ ಜುಲೈನಲ್ಲಿ ಘಾಟಿ ಇಳಿಯುವಾಗ ಒಂದು ತಿರುವಿನಲ್ಲಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದರೂ ನನ್ನ ವ್ಯಾಗನ್ ಆರ್ ನೆಟ್ಟಗೆ ಹೋಯಿತು. ತಡೆಗೋಡೆಗೆ ಒಂದು ಗೇಣು ಇರುವಾಗ ನಿಂತಿತು. ಪಕ್ಕದಲ್ಲಿ ಮಗ ಕೂತಿದ್ದ. ಸೋಮೇಶ್ವರ ಬರುವವರೆಗೂ ಇಬ್ಬರೂ ಮಾತಾಡಲಿಲ್ಲ. ನಿಧಾನಕ್ಕೇ ಹೋಗುತ್ತಿದ್ದೆ, ಬ್ರೇಕೂ ಒತ್ತಿದ್ದೆ, ಮತ್ತೆ ಯಾಕೆ ಹಾಗಾಯಿತು? ಅದು ಮನಸ್ಸಲ್ಲೇ ಕೊರೆಯುತ್ತಿತ್ತು.

ಬೆಂಗಳೂರಿನಲ್ಲಿರುವ ಅಕ್ಕನ ಮಗ ಈ ತರಬೇತಿಯ ವಿಷಯ ಹೇಳಿದ. "ಚಿಕ್ಕಮ್ಮ, ಪೋರ್ಷೆ ಓಡಿಸೋಕೆ ಕೊಡ್ತಾರೆ, ಬಾ" ಅಂದ. ನನ್ನ ಕಿವಿಗೆ ಬಿದ್ದಿದ್ದು ಪೋರ್ಷೆ ಅಲ್ಲ, ಒದ್ದೆ ನೆಲದಲ್ಲಿ ಬ್ರೇಕ್ ಹಾಕೋದು ಕಲಿಸುತ್ತಾರೆ ಅನ್ನೋ ಮಾತು. ಶುಲ್ಕ 40,000 ರೂಪಾಯಿ. ಎರಡು ದಿನ ಯೋಚನೆ ಮಾಡಿ ಕಟ್ಟಿದೆ.

ಜಾಗ ಇರುಂಗಾಟ್ಟುಕೋಟೈನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಬೆಂಗಳೂರಿನ ಕಡೆಯಿಂದ ಹೋಗುವವರಿಗೆ ಶ್ರೀಪೆರಂಬುದೂರು ದಾಟಿದ ಮೇಲೆ ಹೆದ್ದಾರಿಯ ಹತ್ತಿರವೇ ಸಿಗುತ್ತದೆ, ಚೆನ್ನೈ ಊರೊಳಗೆ ಹೋಗೋದೇ ಬೇಡ. 1990ರಲ್ಲಿ ಶುರುವಾದ ಟ್ರ್ಯಾಕ್, ಒಂದು ಸುತ್ತಿಗೆ 3.7 ಕಿಲೋಮೀಟರ್, 12 ತಿರುವು. ನಮ್ಮ ಮಳೆಗಾಲ ಮುಗಿಯೋ ಹೊತ್ತಿಗೆ ಅವರಿಗೆ ಹಿಂಗಾರು ಶುರುವಾಗುತ್ತದೆ. ಅದಕ್ಕೇ ನವೆಂಬರ್ ಕೇಳಿ ತಗೊಂಡಿದ್ದೆ. ಬೆಳಿಗ್ಗೆ ಏಳಕ್ಕೇ ಹನಿ ಶುರುವಾಯಿತು, ನನಗೆ ಖುಷಿಯಾಯಿತು.

ಮೊದಲ ಒಂದು ಗಂಟೆ ಪಾಠ. ಕಲಿಸುವವರು ತಮಿಳಿನವರು, ಐವತ್ತು ದಾಟಿದವರು, ಒಳ್ಳೆ ತಾಳ್ಮೆ. ಅವರು ಹೇಳಿದ್ದನ್ನು ನಮ್ಮ ಕಡೆ ಮಾತಲ್ಲಿ ಹೇಳುತ್ತೇನೆ. ಟೈರಿನ ಹಿಡಿತ ಅನ್ನೋದು ಒಂದು ಕೊಡ ನೀರು. ಬ್ರೇಕಿಗೂ ಅದರಿಂದಲೇ ತೆಗೆಯಬೇಕು, ತಿರುಗೋದಕ್ಕೂ ಅದರಿಂದಲೇ, ವೇಗ ಹೆಚ್ಚಿಸೋದಕ್ಕೂ ಅದರಿಂದಲೇ. ಮಳೆ ಬಂದಾಗ ಕೊಡವೇ ಸಣ್ಣದಾಗುತ್ತದೆ. ಎಲ್ಲವನ್ನೂ ಬ್ರೇಕಿಗೆ ಸುರಿದರೆ ತಿರುಗೋದಕ್ಕೆ ಏನೂ ಉಳಿಯೋದಿಲ್ಲ. ಹಾಗಾಗಿ ಬ್ರೇಕ್ ಎಲ್ಲ ನೇರ ರಸ್ತೆಯಲ್ಲೇ ಮುಗಿಸಬೇಕು, ಆಮೇಲೆ ತಿರುಗಬೇಕು.

ಆಮೇಲೆ ಸಾಧಾರಣ ಸಣ್ಣ ಕಾರಿನಲ್ಲಿ ಅಭ್ಯಾಸ. 60ರಲ್ಲಿ ಬಂದು, ಕೋನ್ ಇಟ್ಟ ಕಡೆ ಪೂರ್ತಿ ಬ್ರೇಕ್ ಒತ್ತಿ, ಕಾಲು ತೆಗೆಯದೇ ಪಕ್ಕಕ್ಕೆ ತಿರುಗಿಸಬೇಕು. ಪೆಡಲ್ ನಡುಗಿದ್ದು ಆಗಲೇ. ಎಬಿಎಸ್ ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಬಿಗಿಯಾಗಿ ನಿಲ್ಲದಂತೆ ತಡೆಯುವ ವ್ಯವಸ್ಥೆ, ಅದು ಚಕ್ರವನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುವಾಗ ಹಾಗಾಗುತ್ತದೆ. ಚಕ್ರ ಉರುಳುತ್ತಲೇ ಇರುವುದರಿಂದ ಕಾರು ನಾವು ಹೇಳಿದ ಕಡೆ ತಿರುಗುತ್ತದೆ. ಮೊದಲ ಸಲ ನಾನು ಕಾಲು ತೆಗೆದುಬಿಟ್ಟೆ. ಮೂರನೇ ಸಲಕ್ಕೆ ಸರಿಹೋಯಿತು.

"ನಿಮ್ಮ ಕಾರಿನಲ್ಲಿ ಎಬಿಎಸ್ ಇದೆಯಾ?" ಅಂತ ಕೇಳಿದರು. ಇಲ್ಲ. ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾಗಿದ್ದು 2019ರಲ್ಲಿ, ನನ್ನದು 2014ರ ಗಾಡಿ. ಅವರು ಬಾನೆಟ್ ಎತ್ತಿ ಎಬಿಎಸ್ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡರು. "ಈಗ 40ರಲ್ಲಿ ಬನ್ನಿ, ಬ್ರೇಕ್ ಒತ್ತಿಹಿಡಿದು ತಿರುಗಿಸಿ" ಅಂದರು. ಒತ್ತಿದೆ. ತಿರುಗಿಸಿದೆ. ಕಾರು ನೆಟ್ಟಗೆ ಹೋಯಿತು. ಮುಂದಿನ ಚಕ್ರ ಎರಡೂ ಬಿಗಿಯಾಗಿ ನಿಂತು, ಬಲಕ್ಕೆ ಮುಖ ಮಾಡಿಕೊಂಡೇ, ನೀರಿನ ಮೇಲೆ ಸುಮ್ನೆ ಜಾರುತ್ತಿದ್ದವು. ಅದೇ ಸದ್ದಿಲ್ಲದ ಜಾರುವಿಕೆ. ಘಾಟಿಯ ಆ ತಿರುವು, ಮಗನ ಮುಖ, ಎಲ್ಲ ಕಣ್ಣ ಮುಂದೆ ಬಂತು. ಕೈ ನಡುಗಿತು. ಅವರು ಸ್ವಲ್ಪ ಹೊತ್ತು ಬಿಟ್ಟು, "ಈಗ ಮತ್ತೆ ಬನ್ನಿ, ಜಾರಿದ ಕೂಡಲೇ ಬ್ರೇಕ್ ಒಂಚೂರು ಬಿಡಿ" ಅಂದರು. ಬಿಟ್ಟೆ. ಚಕ್ರ ಉರುಳಿತು, ಕಾರು ತಿರುಗಿತು. ಅಷ್ಟೇ. ಒಂದು ವರ್ಷದ ಪ್ರಶ್ನೆಗೆ ಉತ್ತರ ಅಲ್ಲಿ ಸಿಕ್ಕಿತು. ನನಗಂತೂ ಕೊಟ್ಟ ದುಡ್ಡು ಆ ಹತ್ತು ನಿಮಿಷಕ್ಕೇ ಸಾರ್ಥಕ.

ಮಧ್ಯಾಹ್ನದ ಮೇಲೆ ಪೋರ್ಷೆ 718 ಕೇಮನ್. ಎರಡೇ ಸೀಟು, 300 ಕುದುರೆ ಶಕ್ತಿ. ಎಂಜಿನ್ ಮುಂದಿಲ್ಲ, ನಮ್ಮ ಬೆನ್ನ ಹಿಂದೆ ಇದೆ. ಓಡುವುದು ಹಿಂದಿನ ಚಕ್ರದಿಂದ. ಕೂತರೆ ನೆಲದ ಮೇಲೆ ಚಾಪೆ ಹಾಕಿ ಕೂತ ಹಾಗೆ, ಅಷ್ಟು ತಗ್ಗು. ಮೊದಲು ನೀರು ನಿಲ್ಲಿಸಿದ ಬಯಲಿನಲ್ಲಿ ಸುತ್ತು ಹಾಕಿಸಿದರು. ಜಾರದಂತೆ ತಡೆಯುವ ವ್ಯವಸ್ಥೆಯನ್ನು ಅವರೇ ಬಂದ್ ಮಾಡಿ, ಸ್ವಲ್ಪ ಆಕ್ಸಿಲರೇಟರ್ ಒತ್ತಿ ಅಂದರು. ಹಿಂಭಾಗ ಸರ‍್ರನೆ ಹೊರಗೆ ಹೋಯಿತು. ಹೆದರಿ ಕಾಲು ಎತ್ತಿದೆ, ಪೂರ್ತಿ ತಿರುಗಿ ನಿಂತೆವು. ಕಾಲು ಫಕ್ಕನೆ ಎತ್ತಿದರೆ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಇನ್ನೂ ಹಗುರಾಗುತ್ತದೆ, ಜಾರೋದು ಜಾಸ್ತಿಯಾಗುತ್ತದೆ. ನಿಧಾನಕ್ಕೆ ಬಿಡಬೇಕು. ಸ್ಟೇರಿಂಗನ್ನು ಹಿಂಭಾಗ ಜಾರಿದ ಕಡೆಗೇ ತಿರುಗಿಸಬೇಕು. ಕಣ್ಣು ಮಾತ್ರ ಹೋಗಬೇಕಾದ ಕಡೆ ಇರಬೇಕು.

ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ನಾವು ಹೇಗೆ ನಡೆಯುತ್ತೇವೆ ನೋಡಿ. ಅಡಿಕೆ ದಬ್ಬೆ ಹಾಸಿರದ ಕಡೆ ಹೆಜ್ಜೆ ತಾನಾಗೇ ಮೆತ್ತಗಾಗುತ್ತದೆ. ಫಕ್ಕನೆ ನಿಲ್ಲೋದಿಲ್ಲ, ಫಕ್ಕನೆ ತಿರುಗೋದಿಲ್ಲ. ಆ ನಡಿಗೆ ನೆನಪು ಮಾಡಿಕೊಂಡ ಮೇಲೆ ನನ್ನ ಕಾಲು ಹದಕ್ಕೆ ಬಂತು. ಐದನೇ ಸಲ ಜಾರಿದ ಕಾರನ್ನು ನಾನೇ ನೇರ ಮಾಡಿದೆ.

ಟ್ರ್ಯಾಕಿಗೆ ಇಳಿದಾಗ ಮಳೆ ಜೋರಾಗಿತ್ತು. ಪಕ್ಕದಲ್ಲಿ ಅವರೇ ಕೂತಿದ್ದರು, ತಡೆಯುವ ವ್ಯವಸ್ಥೆಯೂ ಆನ್ ಇತ್ತು. ಒಣ ದಿನದಲ್ಲಿ ಎಲ್ಲರೂ ಹೋಗುವ ದಾರಿಯಲ್ಲಿ ರಬ್ಬರ್ ಮೆತ್ತಿ ನುಣ್ಣಗಾಗಿರುತ್ತದೆ, ಮಳೆಯಲ್ಲಿ ಅದೇ ಹೆಚ್ಚು ಜಾರೋದು. ಅದನ್ನು ಬಿಟ್ಟು ಹೊರಗಿನ ಒರಟು ನೆಲದಲ್ಲಿ ಓಡಿಸಬೇಕು. ಅಂಚಿನ ಬಣ್ಣ ಬಳಿದ ಕಲ್ಲನ್ನು ಮುಟ್ಟಲೇಬಾರದು. ನೇರ ದಾರಿಯಲ್ಲಿ 120 ಮುಟ್ಟಿದಾಗ ನಿಂತ ನೀರು ಸಿಕ್ಕಿತು. ಸ್ಟೇರಿಂಗ್ ಒಮ್ಮೆಲೇ ಹಗುರವಾಯಿತು, ಬಾವಿಗೆ ಬಿಟ್ಟ ಹಗ್ಗದಿಂದ ಕೊಡ ಕಳಚಿದ ಹಾಗೆ. ಟೈರು ನೀರಿನ ಮೇಲೆ ತೇಲುತ್ತಿತ್ತು. ಅಗಲ ಟೈರಿಗೆ ಈ ಕಾಟ ಜಾಸ್ತಿಯಂತೆ. "ಏನೂ ಮಾಡಬೇಡಿ, ಆಕ್ಸಿಲರೇಟರ್ ಮಾತ್ರ ಮೆಲ್ಲಗೆ ಬಿಡಿ" ಅಂದರು. ಒಂದು ಕ್ಷಣದಲ್ಲಿ ಭಾರ ಮತ್ತೆ ಕೈಗೆ ಬಂತು. ಆಮೇಲಿನ ತಿರುವುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಹೋದ ಸಂತೋಷ ಇದೆಯಲ್ಲ, ಅದನ್ನು ಹೇಗೆ ಹೇಳೋದು! ಕೊನೆಯ ಸುತ್ತಿನಲ್ಲಿ ನಾನು ಹಾಡಿಕೊಳ್ಳುತ್ತಿದ್ದೆ.

ಸರಿ ಇಲ್ಲದ್ದನ್ನೂ ಹೇಳಬೇಕು. ಆರು ಸುತ್ತು ಅಂತ ಹೇಳಿ ನಾಲ್ಕೇ ಕೊಟ್ಟರು. ಒಂದು ಪೋರ್ಷೆಗೆ ಎಂಟು ಜನ, ಅರ್ಧ ದಿನ ಕಾಯೋದರಲ್ಲೇ ಹೋಯಿತು. ಹೆಲ್ಮೆಟ್ ಒಳಗೆ ಹಿಂದಿನವರ ಬೆವರು ಆರಿರಲಿಲ್ಲ, ಹತ್ತಿ ಬಟ್ಟೆಯ ತಲೆಚೀಲ ನೀವೇ ತಗೊಂಡು ಹೋಗಿ. ನನಗೆ ನಿಜಕ್ಕೂ ಬೇಸರವಾಗಿದ್ದು, ಕಾರಿಗೆ ಪೆಟ್ಟಾದರೆ ಇಷ್ಟು ದುಡ್ಡು ನಾವು ಕೊಡಬೇಕು ಅನ್ನೋ ಕಾಗದವನ್ನು ಅದೇ ಬೆಳಿಗ್ಗೆ ಮುಂದಿಟ್ಟಿದ್ದಕ್ಕೆ. ದುಡ್ಡು ಕಟ್ಟಿಸಿಕೊಳ್ಳುವಾಗಲೇ ಹೇಳಬೇಕಿತ್ತು ಅಲ್ವಾ? ನೀವು ಹೋಗೋದಾದರೆ ಅದನ್ನು ಮೊದಲೇ ಕೇಳಿ. ಊಟ ಚೆನ್ನಾಗಿತ್ತು.

ಊರಿಗೆ ಬಂದ ರಾತ್ರಿಯೇ ಮೊಬೈಲ್ ಟಾರ್ಚ್ ಹಿಡಿದು ನನ್ನ ಕಾರಿನ ಟೈರ್ ನೋಡಿದೆ. ಗೀರಿನ ಒಳಗೆ ಅಡ್ಡಕ್ಕೆ ಸಣ್ಣ ಸಣ್ಣ ದಿಬ್ಬ ಇರುತ್ತವೆ. ಸವೆದು ಸವೆದು ಮೇಲಿನ ರಬ್ಬರ್ ಆ ದಿಬ್ಬಕ್ಕೆ ಸಮ ಬಂದರೆ ಉಳಿದಿರೋದು 1.6 ಮಿಲಿಮೀಟರ್, ಟೈರ್ ಮುಗಿಯಿತು ಅಂತ. ನನ್ನ ಮುಂದಿನ ಎರಡೂ ಟೈರ್ ಹೆಚ್ಚುಕಮ್ಮಿ ಸಮ ಬಂದಿದ್ದವು. ನೀರನ್ನು ಹೊರಗೆ ತಳ್ಳುವುದೇ ಆ ಗೀರು. ಮಾರನೇ ದಿನವೇ ಶಿವಮೊಗ್ಗಕ್ಕೆ ಹೋಗಿ ನಾಲ್ಕೂ ಬದಲಾಯಿಸಿದೆ.

ಮಗ ಈಗ ಮಣಿಪಾಲದಲ್ಲಿ ಓದುತ್ತಿದ್ದಾನೆ. ಲೈಸೆನ್ಸ್ ಬಂದಿದೆ, ಶನಿವಾರ ಅವನೇ ಘಾಟಿ ಹತ್ತಿಕೊಂಡು ಮನೆಗೆ ಬರುತ್ತಾನೆ. ಈ ನವೆಂಬರಿಗೆ ಅದೇ ತರಬೇತಿಗೆ ಅವನ ಹೆಸರು ಬರೆಸಿದ್ದೇನೆ. ಪೋರ್ಷೆ ಸಿಗದಿದ್ದರೂ ಪರವಾಗಿಲ್ಲ, ಆ ಫ್ಯೂಸ್ ಕಿತ್ತು ಒಮ್ಮೆ ಓಡಿಸಲಿಕ್ಕೆ ಕೊಡಿ ಅಂತ ಫೋನ್ ಮಾಡಿ ಕೇಳಿಕೊಂಡಿದ್ದೇನೆ.