ಮಂಗಳೂರಿನ ಖಾಸಗಿ ಸಿಟಿ ಬಸ್: ಹಗಲಿಗೆ ಐದು, ರಾತ್ರಿಗೆ ಎರಡು

2008ರಿಂದ ಕಾಟಿಪಳ್ಳದಿಂದ ನಗರದ ಸ್ಟೇಟ್ ಬ್ಯಾಂಕ್ ನಿಲ್ದಾಣಕ್ಕೆ ಹೋಗುವ ಬಸ್ಸೇ ನನ್ನ ವಾಹನ. ಬೇರೆ ಊರಿನಲ್ಲಿ ಸರ್ಕಾರ ಮಾಡುವ ಕೆಲಸವನ್ನು ಇಲ್ಲಿ ಹೆಚ್ಚಾಗಿ ಖಾಸಗಿಯವರೇ ಮಾಡುತ್ತಾರೆ.

ಹಗಲಿಗೆ ಐದಕ್ಕೆ ಐದು ಅಂಕ. ಬೆಳಿಗ್ಗೆ ಒಂದು ಬಸ್ ತಪ್ಪಿದರೆ ಹಿಂದೆಯೇ ಇನ್ನೊಂದು. ತುಳುವಿನಲ್ಲಿ ‘ದುಂಬು ಪೋಲೆ’ (ಮುಂದೆ ಹೋಗಿ) ಅನ್ನುತ್ತಲೇ ಕಂಡಕ್ಟರ್ ಅಜ್ಜಿಯ ಚೀಲ ಎತ್ತಿಡುತ್ತಾನೆ. ಈ ಚುರುಕು ನನಗೆ ನಿಜವಾಗಿಯೂ ಇಷ್ಟ.

ರಾತ್ರಿ ಬೇರೆಯೇ ಕಥೆ. ಕೆಲವು ದಿನ ನನ್ನ ಪಾಳಿ ಮುಗಿಯುವಾಗ ಒಂಬತ್ತು. ಕಳೆದ ಮಳೆಗಾಲದಲ್ಲಿ ಒಂದು ದಿನ ಕೊನೆಯ ಬಸ್ ಬರಲೇ ಇಲ್ಲ. ಟ್ರಿಪ್ ಕಟ್. ಮುಕ್ಕಾಲು ಗಂಟೆ ಕಾದು, ಅಲ್ಲೇ ನಿಂತಿದ್ದ ಇನ್ನಿಬ್ಬರು ಹೆಂಗಸರ ಜೊತೆ ಆಟೋ ಹಿಡಿದೆ. ಒಬ್ಬರು ಮೀನು ಮಾರುವ ಅಕ್ಕ. ಅವರ ಆ ದಿನದ ಲಾಭವೆಲ್ಲ ಬಾಡಿಗೆಗೇ ಹೋಯಿತು.

ಮರುದಿನ ಪರಿಚಯದ ಕಂಡಕ್ಟರನ್ನು ಕೇಳಿದೆ. ‘ಹತ್ತು ಜನರಿಗೆ ಬಸ್ ಓಡಿಸಿದರೆ ಡೀಸೆಲ್ ದುಡ್ಡೂ ಹುಟ್ಟುವುದಿಲ್ಲ ಅಕ್ಕ. ನಮ್ಮ ಸಂಬಳವೂ ಕಲೆಕ್ಷನ್ ಮೇಲೆ’ ಎಂದ. ಕೂಳೂರಿನಿಂದ ಕೊಟ್ಟಾರ ಚೌಕಿವರೆಗೆ ಬಸ್ಸುಗಳು ಪೈಪೋಟಿಗೆ ಬಿದ್ದು ಓಡುವುದೂ ಇದಕ್ಕೇ ಅಲ್ವಾ? ಅವನ ಮೇಲೆ ಸಿಟ್ಟು ಬರಲಿಲ್ಲ.

ಹಾಗಂತ ಖಾಸಗಿಯವರನ್ನು ಓಡಿಸಿ ಅನ್ನುವವಳಲ್ಲ ನಾನು. 1986ರಲ್ಲಿ ಬ್ರಿಟನ್ನಿನಲ್ಲಿ ಲಂಡನ್ ಬಿಟ್ಟು ಉಳಿದ ಕಡೆ ರೂಟು, ಸಮಯ ಎಲ್ಲವನ್ನೂ ಬಸ್ ಕಂಪೆನಿಗಳ ಇಷ್ಟಕ್ಕೆ ಬಿಟ್ಟರು. ಅಲ್ಲಿ ಬಸ್ ಹತ್ತುವವರು ಕಡಿಮೆಯಾಗುತ್ತಾ ಹೋದರು. ಲಂಡನ್ನಿನಲ್ಲಿ ಜಾಸ್ತಿಯಾದರು. ಲಂಡನ್ನಿನಲ್ಲೂ ಓಡಿಸುವುದು ಖಾಸಗಿ ಕಂಪೆನಿಗಳೇ, ಆದರೆ ಯಾವ ಬಸ್ ಎಷ್ಟು ಗಂಟೆಗೆ, ದರ ಎಷ್ಟು ಅನ್ನುವುದು ನಗರದ ಕೈಯಲ್ಲಿದೆ. ಮ್ಯಾಂಚೆಸ್ಟರ್ ಕೂಡ 2023ರಿಂದ 2025ರೊಳಗೆ ಆ ಹಿಡಿತವನ್ನು ವಾಪಸ್ ಪಡೆಯಿತು.

ನಮ್ಮಲ್ಲಿ ಪರ್ಮಿಟ್ ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾಧಿಕಾರ. ರಾತ್ರಿ ಟ್ರಿಪ್‌ಗಾದರೂ ಕಲೆಕ್ಷನ್ ನೋಡದೆ, ಓಡಿದ ಕಿಲೋಮೀಟರಿಗೆ ಇಷ್ಟು ಅಂತ ಸರ್ಕಾರ ದುಡ್ಡು ಕೊಡಲಿ. ಓಡಿಸದಿದ್ದರೆ ದಂಡ ಹಾಕಲಿ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸನ್ನೇ ನಂಬಿದ ನಮಗೆ ಅದೂ ಸಿಕ್ಕಿಲ್ಲ. ರಾತ್ರಿಯ ಒಂದು ಬಸ್ಸಿಗೆ ಖರ್ಚು ಮಾಡಿದರೆ ಜಾಸ್ತಿಯೇನಲ್ಲ.

ಈಗ ತಡವಾದ ದಿನ ಅಣ್ಣ ಸ್ಕೂಟರ್ ತರುತ್ತಾನೆ. ಆ ಮೀನಿನ ಅಕ್ಕ ಮಾತ್ರ ಏಳೂವರೆಗೇ ಬುಟ್ಟಿ ಎತ್ತುತ್ತಾರೆ, ಮೀನು ಉಳಿದಿದ್ದರೂ.