ಫೆರೋ ರಾಡ್‌ಗೆ ಯಾವ ಚಾಕು: ಮೊದಲು ಬೆನ್ನು ನೋಡಿ, ಆಮೇಲೆ ಬಾಯಿ

ಫೆರೋ ರಾಡ್ ಅಂದರೆ ಕೆರೆದು ಕಿಡಿ ಹಾರಿಸಿ ಬೆಂಕಿ ಹೊತ್ತಿಸುವ ಲೋಹದ ಕಡ್ಡಿ, ಫೈರ್ ಸ್ಟೀಲ್ ಎಂದೂ ಕರೆಯುತ್ತಾರೆ. ಕಾರ್ಬನ್ ಸ್ಟೀಲ್ ಚಾಕು ಇದ್ದರೆ ಮಾತ್ರ ಅದರಿಂದ ಕಿಡಿ ಬರುತ್ತದೆ ಎಂದು ನಂಬಿ ಚಾಕು ಕೊಳ್ಳುವವರು ಬಹಳ ಮಂದಿ. ಆ ಮಾತು ಹಳೆಯ ಚಕಮಕಿ ಕಲ್ಲಿಗೆ ಸರಿ. ಅಲ್ಲಿ ಕಲ್ಲು ಉಕ್ಕನ್ನು ಕೆರೆಯುತ್ತದೆ, ಉರಿಯುವುದು ಉಕ್ಕಿನ ಚೂರು. ಹಾಗಾಗಿ ಗಟ್ಟಿ ಹದದ ಕಾರ್ಬನ್ ಉಕ್ಕೇ ಬೇಕು, ಕಿಡಿ ಹಿಡಿಯಲು ಸುಟ್ಟು ಕರಿ ಮಾಡಿದ ಹತ್ತಿಬಟ್ಟೆಯೂ ಬೇಕು. ಫೆರೋ ರಾಡ್‌ನಲ್ಲಿ ಇದು ತಿರುಗಾಮುರುಗಾ. 1903ರಲ್ಲಿ ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ ರೂಪಿಸಿದ ಸೀರಿಯಂ-ಕಬ್ಬಿಣದ ಈ ಮಿಶ್ರಲೋಹ ಉಕ್ಕಿಗಿಂತ ಮೆದು. ಕೆರೆದಾಗ ಹಾರುವುದು ರಾಡ್‌ನ ಪುಡಿ, ಗಾಳಿ ತಾಗಿದೊಡನೆ ಹೊತ್ತಿಕೊಳ್ಳುವುದೂ ಅದೇ. ಸಿಗರೇಟ್ ಲೈಟರಿನೊಳಗಿನ ‘ಕಲ್ಲು’ ಕೂಡ ಇದೇ ಜಾತಿ. ಒಡೆದ ಗಾಜಿನ ಅಂಚಿನಿಂದ ಕೆರೆದರೂ ಕಿಡಿ ಸುರಿಯುತ್ತದೆ. ಅಂದಮೇಲೆ ಚಾಕುವಿನಿಂದ ಬೇಕಾದದ್ದು ಒಂದೇ, ಬೆನ್ನಿನ ಮೇಲೆ ಚೂಪಾದ 90 ಡಿಗ್ರಿ ಮೂಲೆ.

ರಾಡ್‌ಗಳ ವಿಷಯ ಬೇಗ ಮುಗಿಸೋಣ. ಕೀಚೈನಿಗೆ ತೂಗುಹಾಕುವ 6 ಮಿ.ಮೀ. ರಾಡ್ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ, ಜೋರಾಗಿ ಒತ್ತಿದರೆ ನಡುವೆ ಪಟ್ಟನೆ ಮುರಿಯುತ್ತದೆ. 8 ಮಿ.ಮೀ. ಪರವಾಗಿಲ್ಲ. ಕೈ ಒದ್ದೆಯಾಗಿ ಚಳಿಗೆ ಮರಗಟ್ಟಿರುವಾಗ ನೆಚ್ಚಬಹುದಾದದ್ದು 10–12 ಮಿ.ಮೀ. ದಪ್ಪ, ನಾಲ್ಕು ಇಂಚು ಉದ್ದದ್ದು. ಎಳೆತ ಉದ್ದವಾದಷ್ಟೂ ಒಮ್ಮೆಗೆ ಬೀಳುವ ಕಿಡಿ ಹೆಚ್ಚು. ಗಟ್ಟಿ ರಾಡ್ ಸಣ್ಣ ಕಿಡಿಗಳನ್ನು ಚಿಮ್ಮಿಸುತ್ತದೆ, ಬಹುಕಾಲ ಬಾಳುತ್ತದೆ. ಮೆಗ್ನೀಸಿಯಂ ಹೆಚ್ಚಿರುವ ಮೆದು ರಾಡ್‌ನಿಂದ ಬೀಳುವ ಉಂಡೆಗಿಡಿ ನೆಲಕ್ಕೆ ಬಿದ್ದ ಮೇಲೂ ಒಂದು ಗಳಿಗೆ ಉರಿಯುತ್ತದೆ. ಕಲಿಯುವವರಿಗೂ ಮಳೆನಾಡಿನವರಿಗೂ ಮೆದುವೇ ಒಳ್ಳೆಯದು. ಆದರೆ ಅದು ಕರಾವಳಿಯ ಉಪ್ಪುಗಾಳಿಗೆ ಬೂದುಬಣ್ಣದ ಪುಡಿ ಕಟ್ಟಿ ಕರಗತೊಡಗುತ್ತದೆ. ಬಳಸಿದ ಮೇಲೆ ಒರೆಸಿ ತೆಳುವಾಗಿ ಎಣ್ಣೆ ಸವರಿಡಬೇಕು. ಮೆಗ್ನೀಸಿಯಂ ಗಟ್ಟಿಯನ್ನು ಕೆರೆದು ಗುಡ್ಡೆ ಮಾಡುವ ಬಗೆಯನ್ನು ನಾನು ಒಪ್ಪುವುದಿಲ್ಲ. ಕೆರೆಯಲು ನಿಮಿಷಗಟ್ಟಲೆ ಬೇಕು, ಸಣ್ಣ ಗಾಳಿ ಬಂದರೂ ಪುಡಿಯೆಲ್ಲ ಹಾರಿಹೋಗುತ್ತದೆ.

ಹೊಸ ರಾಡ್‌ಗೆ ಕಪ್ಪು ಬಣ್ಣದ ಲೇಪ ಇರುತ್ತದೆ. ಲೋಹ ಹೊಳೆಯುವವರೆಗೆ ಅದನ್ನು ಕೆರೆದು ತೆಗೆಯದೆ ‘ಕಿಡಿಯೇ ಬರುತ್ತಿಲ್ಲ’ ಎಂದು ರಾಡ್ ಎಸೆದವರುಂಟು.

ಇನ್ನು ಚಾಕುಗಳು. ಹೋಲಿಕೆಗೆ ಮೂರು: ಸ್ವೀಡನ್ನಿನ ಮೋರಾ ಕಂಪ್ಯಾನಿಯನ್ (ಸ್ಟೇನ್‌ಲೆಸ್), ಅದೇ ಕಂಪನಿಯ ಗಾರ್ಬರ್ಗ್, ಮತ್ತು ಲಾರಿಯ ಲೀಫ್ ಸ್ಪ್ರಿಂಗ್‌ನಿಂದ ನಮ್ಮೂರ ಕುಲುಮೆಯಲ್ಲಿ ಬಡಿಸಿದ ಚಾಕು.

ಕಂಪ್ಯಾನಿಯನ್ ಅಲಗು 104 ಮಿ.ಮೀ. ಉದ್ದ, 2.5 ಮಿ.ಮೀ. ದಪ್ಪ. ಕೆತ್ತನೆಗೆ ಮೂರರಲ್ಲಿ ಇದೇ ಮೇಲು. ಒಣಗಿದ ಸಿಲ್ವರ್ ಓಕ್ ಸೀಳಿನಿಂದ ಕಾಗದದಷ್ಟು ತೆಳ್ಳಗಿನ ಸುರುಳಿಗಳನ್ನು ಎಬ್ಬಿಸಬಹುದು. ಕೊರತೆ ಇರುವುದು ಬೆನ್ನಿನಲ್ಲಿ: ಮೂಲೆ ಮೊಂಡು, ರಾಡ್ ಮೇಲೆ ಜಾರುತ್ತದೆ. ಇದಕ್ಕೆ ಮದ್ದು ಸುಲಭ. ಬಾಯಿಗೆ ದಪ್ಪ ಟೇಪ್ ಸುತ್ತಿ, ಬೆನ್ನು ಮೇಲಾಗುವಂತೆ ವೈಸಿನಲ್ಲಿ ಬಿಗಿದು, ಚಪ್ಪಟೆ ಅರವನ್ನು ಅತ್ತಿತ್ತ ವಾಲದಂತೆ ಹಿಡಿದು ಉಜ್ಜಿ. ತುದಿಯ ಕಡೆಯ ಎರಡು ಇಂಚು ಸಾಕು, ಹೆಬ್ಬೆರಳು ಕೂರುವ ಜಾಗ ಬಿಟ್ಟುಬಿಡಿ. ಗ್ರೈಂಡರಿಗೆ ಹಿಡಿದರೆ ಉಕ್ಕು ಕಾದು ನೀಲಿಗಟ್ಟುತ್ತದೆ, ಅಲ್ಲಿಗೆ ಹದ ಕೆಟ್ಟಿತು. ಒಣಮರದ ಮೇಲೆ ಬೆನ್ನನ್ನು ಎಳೆದಾಗ ಹಿಟ್ಟಿನಂಥ ಪುಡಿ ಬಂದರೆ ಸಾಲದು, ಸಣ್ಣ ಸುರುಳಿ ಬರಬೇಕು.

ಗಾರ್ಬರ್ಗ್‌ನ ಬೆನ್ನನ್ನು ಕಾರ್ಖಾನೆಯಲ್ಲೇ ಚೂಪಾಗಿ ಅರೆದಿರುತ್ತಾರೆ. 109 ಮಿ.ಮೀ. ಉದ್ದ, 3.2 ಮಿ.ಮೀ. ದಪ್ಪ, ಉಕ್ಕು ಹಿಡಿಯ ಕೊನೆಯವರೆಗೂ ಹಾಯ್ದಿದೆ. ಕೊಡತಿಯಿಂದ ಬೆನ್ನಿಗೆ ಹೊಡೆದು ಮಣಿಕಟ್ಟಿನ ಗಾತ್ರದ ಕೊರಡು ಸೀಳುವಾಗ ಕಂಪ್ಯಾನಿಯನ್‌ನ ಹಿಡಿಯ ಬಗ್ಗೆ ಅಳುಕಿರುತ್ತದೆ, ಇದರಲ್ಲಿ ಆ ಅಳುಕಿಲ್ಲ. ದಪ್ಪ ಹೆಚ್ಚಾದದ್ದರಿಂದ ಸುರುಳಿಗಳು ಅಷ್ಟು ನಯವಾಗಿ ಬರವು, ತರಕಾರಿ ಹೆಚ್ಚಿದರೆ ಸೀಳಿಕೊಂಡು ಹೋಗುತ್ತದೆ. ಬೆಲೆ ಮಾತ್ರ ಕಂಪ್ಯಾನಿಯನ್‌ನ ಹಲವು ಪಟ್ಟು.

ಕುಲುಮೆಯ ಚಾಕು ಆಚಾರಿಯ ಕೈಗುಣದ ಮೇಲೆ ನಿಂತಿದೆ. ಸ್ಪ್ರಿಂಗ್ ಉಕ್ಕು ಒಳ್ಳೆಯ ಮಾಲೇ, ಪೆಟ್ಟು ತಾಳುತ್ತದೆ. ಎಡವುವುದು ಹದದಲ್ಲಿ. ಎಣ್ಣೆಯಲ್ಲಿ ಅದ್ದಿದ ಮೇಲೆ ಮತ್ತೆ ಹದವಾಗಿ ಕಾಯಿಸಿ ಬಿಗುಪು ಇಳಿಸದಿದ್ದರೆ ಬಾಯಿ ಚಕ್ಕೆ ಏಳುತ್ತದೆ, ಅದ್ದದೇ ಬಿಟ್ಟರೆ ಮಡಚಿಕೊಳ್ಳುತ್ತದೆ. ಹೊಸ ಅರದಿಂದ ಬಾಯಿಯನ್ನು ಉಜ್ಜಿ ನೋಡಿ: ಅರ ಜಾರಿದರೆ ಗಟ್ಟಿ, ಕಚ್ಚಿ ಕಚ್ಚಿ ತಿಂದರೆ ಮೆದು. ಸಲೀಸಾಗಿ ಕಚ್ಚದೆ, ಪೂರ್ತಿ ಜಾರದೆ ಇದ್ದರೆ ಸರಿಯಾದ ಹದ. ಮಾಡಿಸುವಾಗಲೇ ‘ದಪ್ಪ 4 ಮಿ.ಮೀ. ಮೀರಬಾರದು, ಬೆನ್ನಿನ ಮೂಲೆ ಉರುಟು ಮಾಡಬೇಡಿ’ ಎಂದು ಹೇಳಿಬಿಡಿ. ಇಲ್ಲದಿದ್ದರೆ ಕೈಗೆ ಚುಚ್ಚೀತೆಂದು ಅವರು ಅಕ್ಕರೆಯಿಂದ ಉಜ್ಜಿ ಉರುಟು ಮಾಡಿಕೊಡುತ್ತಾರೆ. ಮಳೆಗಾಲದಲ್ಲಿ ಒಂದು ರಾತ್ರಿ ಒದ್ದೆ ಚರ್ಮದ ಒರೆಯಲ್ಲಿಟ್ಟರೆ ಬೆಳಿಗ್ಗೆ ಕೆಂಪು ತುಕ್ಕು ಖಂಡಿತ.

ಪಶ್ಚಿಮ ಘಟ್ಟದ ತೇವಕ್ಕೆ ನನ್ನ ಆಯ್ಕೆ ಬೆನ್ನು ಅರೆದ ಸ್ಟೇನ್‌ಲೆಸ್ ಕಂಪ್ಯಾನಿಯನ್, ಜೊತೆಗೆ ಸೌದೆ ಕಡಿಯಲು ಒಂದು ಮಲೆನಾಡ ಕತ್ತಿ. ಇವೆರಡೂ ಇದ್ದರೆ ಗಾರ್ಬರ್ಗ್ ಬೇಕೆನಿಸುವುದಿಲ್ಲ. ಒಂದೇ ಒಂದು ಚಾಕು ಒಯ್ಯುವುದಾದರೆ ಮಾತ್ರ ಅದಕ್ಕೆ ದುಡ್ಡು ಹಾಕಿ. ಚಕಮಕಿಯನ್ನೂ ಕಲಿಯುವ ಆಸೆ ಇದ್ದರೆ ಕಾರ್ಬನ್ ಉಕ್ಕು ಬೇಕೇಬೇಕು.

ಕಿಡಿ ಎಷ್ಟು ಬಿದ್ದರೇನು, ಹಿಡಿಯಲು ಏನಾದರೂ ಇರಬೇಕಲ್ಲ. ವ್ಯಾಸಲಿನ್ ಹಚ್ಚಿದ ಹತ್ತಿಯಷ್ಟು ಖಾತ್ರಿಯದು ಬೇರೆ ಇಲ್ಲ, ಆದರೆ ಉಂಡೆಯನ್ನು ಬಿಡಿಸಿ ಎಳೆ ಎಳೆಯಾಗಿ ಹರಡಬೇಕು. ವ್ಯಾಸಲಿನ್‌ನಲ್ಲಿ ಪೂರ್ತಿ ತೊಯ್ದ ಹತ್ತಿ ಕಿಡಿಯನ್ನು ನುಂಗಿಬಿಡುತ್ತದೆ. ಬೂರುಗದ ಹತ್ತಿ ಭಗ್ಗನೆ ಹೊತ್ತಿ ಪುಳ್ಳೆಗೆ ತಾಗುವ ಮೊದಲೇ ಮುಗಿಯುತ್ತದೆ. ತೆಂಗಿನ ಜುಂಗನ್ನು ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ನವಿರು ಮಾಡದಿದ್ದರೆ ಬರೀ ಕೆಂಡ ಹಿಡಿದು ಹೊಗೆಯಾಡುತ್ತದೆ. ನನ್ನ ಮೆಚ್ಚಿನದು ಒಣಬಿದಿರು. ಗಳುವಿನ ಹೊರಮೈಗೆ ಚಾಕುವಿನ ಬೆನ್ನನ್ನು ನೆಟ್ಟಗೆ ನಿಲ್ಲಿಸಿ ಒಂದೇ ಕಡೆ ಹಿಂದೆ-ಮುಂದೆ ಕೆರೆಯಿರಿ. ಮೊದಲು ಹೊಳಪಿನ ಪೊರೆ ಪುಡಿಯಾಗಿ ಉದುರುತ್ತದೆ, ಅದನ್ನು ಊದಿಬಿಡಿ. ಆಮೇಲೆ ಬರುವುದು ಮರಿಹಕ್ಕಿಯ ತುಪ್ಪಳದಂಥ ಬಿಳಿ ಎಳೆ. ಕೋಳಿಮೊಟ್ಟೆ ಗಾತ್ರದಷ್ಟು ಕೂಡಿಸಿ, ಒತ್ತದೆ ಸಡಿಲವಾಗಿ ಇಡಿ. ಈಗ ರಾಡ್‌ನ ತುದಿಯನ್ನು ಅದರ ಬುಡಕ್ಕೇ ತಾಗಿಸಿ, ಚಾಕು ಹಿಡಿದ ಕೈಯನ್ನು ಮೊಣಕಾಲಿಗೆ ಆನಿಸಿ ಅಲುಗದಂತೆ ನಿಲ್ಲಿಸಿ, ರಾಡನ್ನು ಹಿಂದಕ್ಕೆ ಎಳೆಯಿರಿ. ಚಾಕುವನ್ನು ಮುಂದಕ್ಕೆ ತಳ್ಳಿದರೆ ಕಟ್ಟಿದ ಗುಡ್ಡೆ ಚೆಲ್ಲಾಪಿಲ್ಲಿ. ವೇಗಕ್ಕಿಂತ ಒತ್ತಡ ಮುಖ್ಯ. ಬಾಯಿಯಿಂದ ಎಂದೂ ಕೆರೆಯಬೇಡಿ, ಹರಿತ ಹಾಳಾಗುತ್ತದೆ, ಬೆರಳೂ ಹೋದೀತು.

ಅಭ್ಯಾಸಕ್ಕೆ ಸ್ವಂತ ತೋಟ, ಹಿತ್ತಿಲು ಸಾಕು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಂ ನಿಷೇಧಿಸುತ್ತದೆ. ಅನುಮತಿಯಿಲ್ಲದೆ ಆಯುಧ ಒಯ್ಯುವಂತಿಲ್ಲ ಎನ್ನುತ್ತದೆ 31ನೇ ಕಲಂ, ಮತ್ತು ಆ ಕಾಯ್ದೆಯ ಲೆಕ್ಕದಲ್ಲಿ ಚಾಕುವೂ ಆಯುಧವೇ. ಫೆಬ್ರವರಿಯಿಂದ ಮುಂಗಾರು ಹಿಡಿಯುವವರೆಗೆ ತರಗೆಲೆ ಇರುವ ಕಡೆ ರಾಡ್ ತೆಗೆಯಲೇಬೇಡಿ. ಎಲ್ಲೇ ಹಚ್ಚಿದರೂ ಸುತ್ತ ನೆಲ ಗುಡಿಸಿ, ನೀರಿನ ಕೊಡ ಪಕ್ಕಕ್ಕಿಟ್ಟುಕೊಂಡು ಹಚ್ಚಿ. ಆರಿಸಿದ ಮೇಲೆ ಬೂದಿಯೊಳಗೆ ಕೈಯಿಟ್ಟಾಗ ತಣ್ಣಗಿರಬೇಕು.